ಸೇವೆಗೂ ಸಂಬಳದ ಚೀಟಿ ಬೇಕು

(ಪದವಿ ಮುಗಿಸುತ್ತಿರುವ ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು)



ನಾವು ಭಾಷಣ ಮಾಡಿ ಅಭ್ಯಾಸ ಇದ್ದವರಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿದವರು. ದಿನವಿಡೀ ಪಾಸ್‌ಬುಕ್ಕು, ಚೆಕ್ಕು, ಕೆವೈಸಿ. ಆದರೆ ಕೌಂಟರಿನ ಹಿಂದೆ ಕೆಲವು ವರ್ಷ ಕೂತರೆ ಒಂದು ವಿಷಯ ಗೊತ್ತಾಗ್ತದೆ. ಯಾರ ಕೆಲಸಕ್ಕೆ ಎಷ್ಟು ಬೆಲೆ ಕಟ್ಟಿದ್ದಾರೆ ಅಂತ ಪಾಸ್‌ಬುಕ್ಕು ಸರಿಯಾಗಿ ಹೇಳ್ತದೆ.

ನಿಮ್ಮಲ್ಲಿ ಕೆಲವರು ಎಂ.ಎಸ್.ಡಬ್ಲ್ಯು. ಮಾಡ್ಬೇಕು ಅಂತಿದ್ದೀರಿ. ಒಳ್ಳೆಯದೇ. ಮಂಗಳೂರಿನ ರೋಶನಿ ನಿಲಯ 1960ರಲ್ಲೇ ಶುರುವಾದದ್ದು. ಇಲ್ಲೇ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಸಮಾಜಕಾರ್ಯ ವಿಭಾಗ ಇದೆ. ಎಲ್ಲಿ ಓದಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಓದು ಮುಗಿದ ಮೇಲೆ ಕೈಗೆ ಸಿಗುವ ನೇಮಕಾತಿ ಪತ್ರವನ್ನು ಓದುವುದು ಹೇಗೆ ಅಂತ ಹೇಳುವವರು ಕಮ್ಮಿ. ಇವತ್ತು ನಾವು ಹೇಳುವುದು ಅಷ್ಟೇ.

ಒಮ್ಮೆ ನಮ್ಮ ಕೌಂಟರಿಗೆ ಒಬ್ಬಳು ತಂಗಿ ಬಂದಳು. ಸ್ಕೂಟರಿಗೆ ಸಾಲ ಬೇಕಿತ್ತು. ಒಂದು ಸಂಸ್ಥೆಯಲ್ಲಿ ಫೀಲ್ಡ್ ಕೆಲಸ. ಹಾಸಿಗೆ ಹಿಡಿದ ಮಕ್ಕಳಿರುವ ಮನೆಗಳಿಗೆ ಹೋಗುವುದು, ಪಿಂಚಣಿ ಅರ್ಜಿ ತುಂಬಿಸುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು. ಬಸ್ಸಿಲ್ಲದ ಕಡೆಗೆ ದಿನಕ್ಕೆ ನಾಲ್ಕೈದು ಮೈಲು ನಡೆಯುತ್ತಿದ್ದಳು. ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಕೇಳಿದೆವು. ಅವಳ ಹತ್ತಿರ ಇದ್ದದ್ದು ಹನ್ನೊಂದು ತಿಂಗಳ ಒಂದು ಕಾಗದ. ಅದರಲ್ಲಿ ಅವಳ ಹುದ್ದೆ 'ಕನ್ಸಲ್ಟೆಂಟ್'. ಸಂಬಳದವರಿಗೆ ಕೊಡುವ ಸಾಲ ಅವಳಿಗೆ ಸಿಗಲಿಲ್ಲ. "ಅಣ್ಣಾ, ನಾನು ದಿನಾ ಕೆಲಸಕ್ಕೆ ಹೋಗ್ತೇನಲ್ಲಾ, ಮತ್ತೆ ನಾನು ನೌಕರಳಲ್ವಾ?" ಅಂತ ಕೇಳಿದಳು. ನಮ್ಮಲ್ಲಿ ಉತ್ತರ ಇರಲಿಲ್ಲ.

ಈಗ ಲೆಕ್ಕ ನೋಡುವ. ಇಬ್ಬರು ಗೆಳೆಯರು ಅಂತ ಇಟ್ಟುಕೊಳ್ಳಿ. ಇಬ್ಬರಿಗೂ ತಿಂಗಳಿಗೆ 20,000 ರೂಪಾಯಿ.

ಮೊದಲನೆಯವನು ನೌಕರ. ಮೂಲವೇತನ 15,000, ಉಳಿದದ್ದು ಭತ್ಯೆ. ಪಿಎಫ್‌ಗೆ ಶೇ. 12ರಂತೆ 1,800, ಇಎಸ್‌ಐಗೆ ಶೇ. 0.75ರಂತೆ 150 ಕಳೆದು ಕೈಗೆ 18,050.

ಎರಡನೆಯವನು ಕಾಗದದ ಮೇಲೆ 'ಕನ್ಸಲ್ಟೆಂಟ್'. ಶೇ. 10 ಟಿಡಿಎಸ್ ಅಂತ 2,000 ಕಳೆದು ಕೈಗೆ 18,000.

ಪಾಸ್‌ಬುಕ್ಕಿನಲ್ಲಿ ವ್ಯತ್ಯಾಸ ಬರೀ ಐವತ್ತು ರೂಪಾಯಿ! ಆದರೆ ಪಾಸ್‌ಬುಕ್ಕಿನ ಹೊರಗೆ ನೋಡಿ. ಮೊದಲನೆಯವನ 1,800ಕ್ಕೆ ಸಂಸ್ಥೆ ಇನ್ನೊಂದು 1,800 ಸೇರಿಸುತ್ತದೆ. ಐದು ವರ್ಷಕ್ಕೆ ಪಿಎಫ್ ಮತ್ತು ಪಿಂಚಣಿ ಸೇರಿ 2,16,000, ಬಡ್ಡಿ ಬೇರೆ. ಹುಷಾರು ತಪ್ಪಿದರೆ ಇಎಸ್‌ಐ ಇದೆ. ಅದಕ್ಕೆ ಸಂಸ್ಥೆಯ ಪಾಲು ಶೇ. 3.25. ಐದು ವರ್ಷ ದುಡಿದು ಬಿಟ್ಟರೆ ಗ್ರಾಚ್ಯುಟಿ ಸುಮಾರು 43,000. ಹೆಣ್ಣುಮಕ್ಕಳಿಗೆ 26 ವಾರಗಳ ಹೆರಿಗೆ ರಜೆ. ಎರಡನೆಯವನಿಗೆ ಇದ್ಯಾವುದೂ ಇಲ್ಲ. ಜ್ವರ ಬಂದು ಮಲಗಿದರೆ ಆ ದಿನದ ದುಡ್ಡೂ ಇಲ್ಲ.

ಇನ್ನೊಂದು ವಿಷಯ ಬರೆದಿಟ್ಟುಕೊಳ್ಳಿ. ಆ ಕಡಿತವಾದ 2,000 ವರ್ಷಕ್ಕೆ 24,000 ಆಗ್ತದೆ. 2,40,000 ರೂಪಾಯಿ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಬೇರೆ ಆದಾಯ ಇಲ್ಲದಿದ್ದರೆ, ರಿಟರ್ನ್ ಸಲ್ಲಿಸಿದರೆ ಅಷ್ಟೂ ದುಡ್ಡು ವಾಪಸ್ ಬರ್ತದೆ. ಸಲ್ಲಿಸದಿದ್ದರೆ ಒಂದೂಕಾಲು ತಿಂಗಳ ದುಡಿಮೆ ಹೋಯ್ತು.

ಸಂಸ್ಥೆಗಳನ್ನು ಕೇಳಿದರೆ ಅವರದ್ದೂ ಒಂದು ಕಷ್ಟ ಇದೆ. ಯೋಜನೆಗೆ ದುಡ್ಡು ಬರುವುದು ವರ್ಷಕ್ಕೋ ಎರಡು ವರ್ಷಕ್ಕೋ. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದಿದೆ. ಸಣ್ಣ ಸಂಸ್ಥೆಗಳಿಗೆ ಬಿಗಿ ಆಗಿರುವುದು ನಿಜ. ಆದರೆ ಆ ಹೊರೆಯನ್ನೆಲ್ಲ ಬಿಸಿಲಲ್ಲಿ ನಡೆಯುವ ಹುಡುಗಿಯ ತಲೆಗೆ ಹಾಕುವುದು ನ್ಯಾಯವಾ? "ಇದು ಸೇವೆ, ದುಡ್ಡಿನ ಮಾತು ಬೇಡ" ಅಂತ ಹೇಳುವವರ ಮನೆಗೂ ಕರೆಂಟ್ ಬಿಲ್ ಬರ್ತದಲ್ಲಾ!

ಸರ್ಕಾರವೂ ಇದಕ್ಕೆ ಹೊರತಲ್ಲ. ಅಲ್ಲಿ 'ಕನ್ಸಲ್ಟೆಂಟ್' ಬದಲು 'ಗೌರವಧನ' ಅನ್ನುವ ಪದ ಇದೆ. ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ. ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ನಡುವೆ 47 ವರ್ಷ! ಕಳೆದ 2025ರಲ್ಲಿ ನಮ್ಮ ಕೇರಳದ ಆಶಾ ಕಾರ್ಯಕರ್ತೆಯರು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಫೆಬ್ರವರಿಯಿಂದ ತಿಂಗಳುಗಟ್ಟಲೆ ಕೂತರು. ಕೇಳಿದ್ದು 21,000. ಆ ವರ್ಷ ಸಿಕ್ಕಿದ್ದು 7,000ದ ಮೇಲೆ ಒಂದು ಸಾವಿರ. ಗೌರವ ಇದೆ, ಧನ ಎಲ್ಲಿದೆ ಅಂತ ಅವರು ಕೇಳಿದರೆ ತಪ್ಪೇನು?

ಈಗ ನಮ್ಮ ಭಾಷೆಯ ಮಾತಿಗೆ ಬರುವ. ಎಣ್ಮಕಜೆಯಂಥ ಕಡೆ ಎಂಡೋಸಲ್ಫಾನ್ ಪೀಡಿತ ಮನೆಗಳಿಗೆ ಹೋಗಿ ನೋಡಿ. ತಾಯಿ ಮಾತಾಡುವುದು ತುಳು ಅಥವಾ ಕನ್ನಡ. ಕೈಯಲ್ಲಿರುವ ಅರ್ಜಿ ಮಲಯಾಳ. ತಲಾ 5 ಲಕ್ಷ ಪರಿಹಾರ ಕೊಡಿ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಆದರೆ ಆದೇಶ ಮನೆಯ ಜಗಲಿಗೆ ಮುಟ್ಟಬೇಕಾದರೆ ಎರಡೂ ಭಾಷೆ ಬಲ್ಲ ಒಬ್ಬರು ಬೇಕು. ಅದು ನಾವು, ನೀವು. ಹೊಸೂರು, ತಾಳವಾಡಿ, ಅಕ್ಕಲಕೋಟೆಯ ನಮ್ಮವರಿಗೂ ಎರಡೆರಡು ಭಾಷೆಯಲ್ಲಿ ಬದುಕುವುದು ಹೊಸದಲ್ಲ. ಊರಿನವರು, ಭಾಷೆ ಗೊತ್ತಿದೆ ಅಂತ ನಮ್ಮನ್ನು ತೆಗೆದುಕೊಳ್ಳುತ್ತಾರೆ. ಆದರೆ ಆ ಭಾಷೆಗೆ ಬೇರೆ ದುಡ್ಡಿಲ್ಲ. ಹಗಲು ಮನೆಮನೆ ಸುತ್ತಿ, ರಾತ್ರಿ ವರದಿಯನ್ನು ಮಲಯಾಳಕ್ಕೋ ಇಂಗ್ಲಿಷಿಗೋ ತಿರುಗಿಸಿ ಕಳಿಸುವುದೂ ಕೆಲಸವೇ.

ಹಾಗಾಗಿ ಸಹಿ ಹಾಕುವ ಮೊದಲು ಐದು ಪ್ರಶ್ನೆ ಕೇಳಿ. ಒಂದು, ಪತ್ರದಲ್ಲಿ ನನ್ನನ್ನು ನೌಕರ ಅಂತ ಬರೆದಿದ್ದೀರಾ, ಕನ್ಸಲ್ಟೆಂಟ್ ಅಂತಲಾ? ಎರಡು, ಪಿಎಫ್, ಇಎಸ್‌ಐ ಉಂಟಾ? ಸಾಮಾನ್ಯವಾಗಿ 20 ಜನ ಇದ್ದಲ್ಲಿ ಪಿಎಫ್, 10 ಜನ ಇದ್ದಲ್ಲಿ ಇಎಸ್‌ಐ ಅನ್ವಯಿಸ್ತದೆ. ಮೂರು, ಫೀಲ್ಡ್ ಪ್ರಯಾಣದ ಖರ್ಚು ಸಂಬಳದ ಒಳಗಾ, ಹೊರಗಾ? ನಾಲ್ಕು, ಪ್ರತಿ ತಿಂಗಳು ಸಂಬಳದ ಚೀಟಿ ಕೊಡ್ತೀರಾ? ಐದು, ಅನುವಾದ ಮಾಡಿಸುವುದಾದರೆ ಅದು ಪತ್ರದಲ್ಲಿ ಇದೆಯಾ? ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಕೊಡಬೇಕೆನ್ನುವ ಹೊಸ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹನ್ನೊಂದು ತಿಂಗಳ ಪತ್ರ ಕೊಟ್ಟರೆ ಯಾಕೆ ಹನ್ನೊಂದು ಅಂತ ಮರ್ಯಾದೆಯಿಂದಲೇ ಕೇಳಿ.

ಆ ತಂಗಿಯ ಕತೆ ಅರ್ಧಕ್ಕೆ ಬಿಟ್ಟೆವು. ಆರು ತಿಂಗಳ ಮೇಲೆ ಅವಳು ಮತ್ತೆ ಬಂದಳು. ಮಂಗಳೂರಿನಲ್ಲಿ ಒಂದು ಕಾಲ್ ಸೆಂಟರ್ ಸೇರಿದ್ದಳು. ಸಂಬಳದ ಚೀಟಿ ಇತ್ತು, ಸ್ಕೂಟರಿನ ಸಾಲವೂ ಆಯ್ತು. ನಮಗೆ ಸಂತೋಷ ಆಗಬೇಕಿತ್ತು. ಆದರೆ ಅವಳು ಹೋಗುತ್ತಿದ್ದ ಮನೆಗಳಿಗೆ ಈಗ ಕನ್ನಡ ಬಲ್ಲವರು ಯಾರೂ ಹೋಗುತ್ತಿಲ್ಲ. ಅವಳಿಗೆ ನ್ಯಾಯವಾದ ಸಂಬಳ ಕೊಡದ್ದರ ನಷ್ಟ ಕೊನೆಗೆ ಬಿದ್ದದ್ದು ಆ ತಾಯಂದಿರ ಮೇಲೆ.

ಸಮಾಜಕಾರ್ಯಕ್ಕೆ ಹೋಗಬೇಡಿ ಅಂತ ನಾವು ಹೇಳುವುದಿಲ್ಲ. ಹೋಗಿ, ಗಡಿಯ ಊರುಗಳಿಗೆ ನೀವು ಬೇಕು. ಆದರೆ ಪತ್ರ ಓದಿ ಸಹಿ ಹಾಕಿ. ಅರ್ಥವಾಗದಿದ್ದರೆ ನಮ್ಮಂಥವರ ಕೌಂಟರಿಗೆ ತನ್ನಿ, ಮಧ್ಯಾಹ್ನ ರಶ್ಶು ಕಮ್ಮಿ ಇರ್ತದೆ, ಒಟ್ಟಿಗೆ ಕೂತು ಓದುವ.