ಊರಿಗೆ ಬಂದವರು ನೀರಿಗೆ ಬರಲಿ



"ಊರಿಗೆ ಬಂದವಳು ನೀರಿಗೆ ಬಾರದೆ ಇದ್ದಾಳೆಯೇ?" ನಮ್ಮ ಹಿರಿಯರ ಬಾಯಲ್ಲಿ ಸದಾ ಇದ್ದ ಗಾದೆ ಇದು. ಇಂದು ಕಣ್ಣು ತಪ್ಪಿಸಿಕೊಂಡವರು ನಾಳೆಯಾದರೂ ಸಿಕ್ಕೇ ಸಿಗುತ್ತಾರೆ ಎನ್ನಲಿಕ್ಕೆ ಇದನ್ನು ಬಳಸುತ್ತಿದ್ದರು. ಆದರೆ ಈ ವಾರವೆಲ್ಲ ಈ ಗಾದೆ ನನ್ನ ತಲೆಯಲ್ಲಿ ಬೇರೆಯೇ ರೀತಿಯಲ್ಲಿ ಸುಳಿದಾಡುತ್ತಿದೆ. ಈಗ ಊರಿಗೆ ಬಂದವರು ನೀರಿಗೆ ಬಾರದೆಯೇ ಹೋಗಿಬಿಡುತ್ತಿದ್ದಾರಲ್ಲ!

ಮೊನ್ನೆ ನಮ್ಮ ವಿಜಯಪುರದ ಗೋಳಗುಮ್ಮಟದ ಹತ್ತಿರ ದೂರದೂರಿನ ಪ್ರವಾಸಿ ಬಸ್ಸೊಂದು ನಿಂತಿತ್ತು. ಹುಡುಗರು ಗುಮ್ಮಟ ನೋಡಿ ಬಂದರು, ನೀರಿನ ಬಾಟಲಿ ಕೊಂಡರು, ಎರಡು ಗುಟುಕು ಕುಡಿದರು, ಮುಖಕ್ಕೆ ಎರಚಿಕೊಂಡರು. ಅರ್ಧ ತುಂಬಿದ ಬಾಟಲಿಗಳನ್ನು ಕಟ್ಟೆಯ ಮೇಲೆ ಬಿಟ್ಟು ಬಸ್ಸು ಹತ್ತಿದರು. ಕಸ ಗುಡಿಸುವ ಹೆಣ್ಣುಮಗಳೊಬ್ಬಳು ಬಂದಳು. ಬಾಟಲಿಗಳನ್ನು ಚೀಲಕ್ಕೆ ಹಾಕುವ ಮೊದಲು ಒಂದೊಂದರ ಮುಚ್ಚಳ ತಿರುವಿ, ಉಳಿದ ನೀರನ್ನು ಪಕ್ಕದ ಬೇವಿನ ಸಸಿಯ ಬುಡಕ್ಕೆ ಸುರಿದಳು. ಅವಸರ ಮಾಡಲಿಲ್ಲ. ಕೊನೆಯ ಹನಿ ಉದುರುವ ತನಕ ಬಾಟಲಿಯನ್ನು ಬೋರಲು ಹಿಡಿದೇ ನಿಂತಿದ್ದಳು.

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರೂರಲ್ಲಿ ವರ್ಷವಿಡೀ ಹರಿಯುವ ಹೊಳೆ ಇದ್ದೀತು. ಇದು ನೀರನ್ನು ಎಣಿಸಿ ಬದುಕಿದ ಸೀಮೆ ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. 1656ರಲ್ಲಿ ಮುಗಿದ ಗುಮ್ಮಟ, ಮೇಲಿನ ಪಿಸುಗುಟ್ಟುವ ಗ್ಯಾಲರಿ, ಆಮೇಲೆ ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು. ಮಧ್ಯಾಹ್ನದೊಳಗೆ ಊರು ನೋಡಿದ್ದಾಯಿತು ಎಂದು ಅವರು ಹೊರಟರು. ಇಷ್ಟು ದೊಡ್ಡ ಗುಮ್ಮಟ ಕಟ್ಟಿದ ಜನ ಈ ಬಯಲಿನಲ್ಲಿ ಏನು ಕುಡಿದು ಬದುಕಿದರು ಎಂಬ ಪ್ರಶ್ನೆ ಅವರಿಗೆ ಹೊಳೆಯಲೇ ಇಲ್ಲ.

ನಾನು ಹೊಸ ಊರಿಗೆ ಹೋದಾಗ ಮೊದಲು ಕೇಳುವುದು ಅದನ್ನೇ: "ನಿಮ್ಮೂರಿಗೆ ನೀರು ಎಲ್ಲಿಂದ ಬರ್ತದ್ರೀ?" ಈ ಒಂದು ಮಾತಿಗೆ ಎಂಥ ಬಿಗಿ ಮನುಷ್ಯನೂ ಸಡಿಲಾಗುತ್ತಾನೆ. ಕೆರೆಯ ಕಥೆ, ಬಾವಿ ಬತ್ತಿದ ವರ್ಷದ ಕಥೆ, ಯಾವ ಓಣಿಗೆ ಯಾವ ಹೊತ್ತಿಗೆ ನಲ್ಲಿ ಬಿಡುತ್ತಾರೆ ಎಂಬ ಕಥೆ ಒಂದೊಂದಾಗಿ ಹೊರಬರುತ್ತವೆ. ದೊಡ್ಡ ಕಟ್ಟಡಗಳು ಆಳಿದವರ ಹೆಸರು ಹೇಳುತ್ತವೆ. ಊರಿನವರು ಹೇಗೆ ಬಾಳಿದರು ಎಂದು ತಿಳಿಯಲಿಕ್ಕೆ ನೀರಿನ ಹತ್ತಿರವೇ ಹೋಗಬೇಕು.

ವಿಜಯಪುರದಲ್ಲಿ ಹಾಗೆ ಹೋಗಬೇಕಾದ ಜಾಗ ತಾಜ್ ಬಾವಡಿ ಎಂಬ ಮೆಟ್ಟಿಲುಬಾವಿ. ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಕಾಲದಲ್ಲಿ, 1620ರಲ್ಲಿ, ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಇದನ್ನು ಕಟ್ಟಿಸಲಾಯಿತು. ಇಬ್ರಾಹಿಂ ರೋಜಾ ಕಟ್ಟಿದ ಮಲಿಕ್ ಸಂದಲನೇ ಇದನ್ನೂ ಕಟ್ಟಿದನೆಂದು ಹೇಳುತ್ತಾರೆ. ಎಂಟು ಮೂಲೆಯ ಎರಡು ಬುರುಜು, ನಡುವೆ ದೊಡ್ಡ ಕಮಾನು. ಅದರ ಕೆಳಗಿಂದ ಮೆಟ್ಟಿಲಿಳಿದರೆ ಅಗಲವಾದ ಕಟ್ಟೆ, ಅಲ್ಲಿಂದ ಮತ್ತೆ ಮೆಟ್ಟಿಲು, ಆಮೇಲೆ ನೀರು. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ನೀರಿನ ಪೂರ್ವಕ್ಕೂ ಪಶ್ಚಿಮಕ್ಕೂ ಇರುವ ಕೋಣೆಗಳ ಸಾಲು. ಅವು ದಾರಿಹೋಕರು ಇಳಿದುಕೊಳ್ಳಲಿಕ್ಕೆಂದು ಕಟ್ಟಿದ ಕೋಣೆಗಳು. ಗುರುತು ಪರಿಚಯ ಇಲ್ಲದವನಿಗೆ, ಯಾವ ಭಾಷೆಯವನಾದರೂ, ನೀರಿನ ಪಕ್ಕದಲ್ಲೇ ತಂಗಲು ಜಾಗ! ಬಂದವನಿಗೆ ಇಷ್ಟು ಕೊಟ್ಟ ಊರು ಬಂದವನಿಂದ ಕೊಂಚ ಮರ್ಯಾದೆ ಬಯಸಿದರೆ ತಪ್ಪೇನಿದೆ? ಕೆಲವು ವರ್ಷಗಳ ಹಿಂದೆ ಹೂಳೆತ್ತಿ ಸ್ವಚ್ಛ ಮಾಡಿದ ಈ ಬಾವಡಿಯಲ್ಲಿ ಪ್ಲಾಸ್ಟಿಕ್ ಚೀಲ ತೇಲುವುದನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದನ್ನು ಎಸೆದವರು ಹೊರಗಿನವರೇ ಎಂದು ಹೇಳಲಾರೆ. ನಾವೂ ಇದ್ದೇವೆ.

ಬಾವಡಿಗಳದ್ದು ಅರ್ಧ ಕಥೆ ಮಾತ್ರ. ಆದಿಲ್‌ಶಾಹಿಗಳು ಪಶ್ಚಿಮಕ್ಕಿರುವ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದರು. ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ತಂದರು. ಊರೊಳಗೆ ಅಲ್ಲಲ್ಲಿ ಒಂಟಿಯಾಗಿ ನಿಂತ ಕಲ್ಲಿನ ಗೋಪುರಗಳನ್ನು ನೋಡಿರುತ್ತೀರಿ, ಅವುಗಳಿಗೆ ಗಂಜ್ ಎನ್ನುತ್ತಾರೆ. ಕೊಳವೆಯ ನೀರು ಅಲ್ಲಿ ಮೇಲೇರಿ, ರಭಸ ಕಳೆದುಕೊಂಡು, ಮಣ್ಣನ್ನು ತಳಕ್ಕೆ ಬಿಟ್ಟು ತಿಳಿಯಾಗಿ ಮುಂದೆ ಸಾಗುತ್ತಿತ್ತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ ತನ್ನ 2020ರ ಪಟ್ಟಿಯಲ್ಲಿ ದಖ್ಖನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ಸೇರಿಸಿದಾಗ ತೊರವಿಯ ಸುರಂಗಕ್ಕೆ ಸೇರಿದ ನಮ್ಮ ಸುರಂಗ ಬಾವಡಿಯ ಹೆಸರೂ ಹೊರಗಿನವರ ಕಿವಿಗೆ ಬಿತ್ತು. ನಾವು ಮಾತ್ರ ಗಂಜ್‌ಗಳಿಗೆ ಪೋಸ್ಟರ್ ಅಂಟಿಸಿ ಸುಮ್ಮನಿದ್ದೇವೆ.

ಊರು ದಾಟಿ ತೊರವಿಯ ರಸ್ತೆಯಲ್ಲೇ ಮುಂದೆ ಹೋದರೆ ತಿಕೋಟಾ. ಈಗ ದ್ರಾಕ್ಷಿ ಒಣಗಿಸುವ ಕಾಲ. ಶೆಡ್ಡಿನ ನೆರಳಲ್ಲಿ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿ, ಅದರ ಮೇಲೆ ಗೊಂಚಲು ಹರವಿರುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಬರ ಬಿದ್ದ ವರ್ಷಗಳಲ್ಲಿ ಇಲ್ಲಿಯ ರೈತರು ಸಾಲ ಮಾಡಿ ಟ್ಯಾಂಕರ್ ನೀರು ತರಿಸಿ ಬಳ್ಳಿ ಉಳಿಸಿಕೊಂಡರು. ಈಗ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆರೆಗಳಿಗೆ ಬರುತ್ತಿದೆ. ದ್ರಾಕ್ಷಿ ಪಡದೊಳಗೆ ಕಾಲಿಡುವ ಮೊದಲು ಒಡೆಯರನ್ನು ಕೇಳಿ. ಒಂದು ಗೊಂಚಲು ಕಿತ್ತರೆ ಏನು ಮಹಾ ಎನ್ನಬೇಡಿ. ಆ ಗೊಂಚಲು ಎಷ್ಟು ಕೊಡ ನೀರು ಉಂಡಿದೆಯೋ ಒಡೆಯನಿಗೆ ಗೊತ್ತು. ಕೇಳಿದರೆ ಅವನೇ ಮಡಿಲು ತುಂಬಿ ಕೊಡುತ್ತಾನೆ.

ಬಬಲೇಶ್ವರದ ದಾರಿ ಹಿಡಿದರೆ ಸಾರವಾಡದ ಹತ್ತಿರ ಡೋಣಿ ನದಿ ಸಿಗುತ್ತದೆ. ಅದರ ನೀರು ಸವುಳು, ಬಾಯಿಗಿಡಲಿಕ್ಕಾಗದು. ಆದರೂ ಡೋಣಿ ಹರಿದರೆ ಓಣಿ ತುಂಬ ಜೋಳ ಎನ್ನುತ್ತಾರೆ. ಆ ಎರೆಹೊಲದ ಬಿಳಿಜೋಳದ ರೊಟ್ಟಿಯನ್ನು ಖಾನಾವಳಿಯಲ್ಲಿ ಉಣ್ಣುವವರು ಆ ನದಿಯನ್ನೂ ಒಮ್ಮೆ ನೋಡಬೇಕೆಂದು ನನ್ನ ಆಸೆ.

ಮಮದಾಪುರದಲ್ಲಿ ಮಹಮ್ಮದ್ ಆದಿಲ್‌ಶಾಹಿಯ ಕಾಲದ, 1633ರ ದೊಡ್ಡ ಕೆರೆ ಇದೆ. ಅದನ್ನು ನೋಡಲು ಹೊರಟಾಗ ಹಾದಿಯ ಮನೆಯೊಂದರ ಮುಂದೆ ನಿಂತು ದಾರಿ ಕೇಳಿದ್ದೆ. ಕಟ್ಟೆಯ ಮೇಲೆ ಕೂತ ಅಜ್ಜಿ, "ಬಿಸಲಾಗ ಬಂದೀಯಲ್ಲೋ ಯಪ್ಪಾ, ಮೊದಲ ನೀರು ಕುಡಿ. ದಾರಿ ಎಲ್ಲೂ ಓಡಿ ಹೋಗೂದಿಲ್ಲ" ಎಂದು ಒಳಗಿನಿಂದ ತಂಬಿಗೆ ತರಿಸಿದಳು. ಜೊತೆಗೆ ಒಂದು ಚೂರು ಬೆಲ್ಲ. ನನ್ನ ಹೆಸರು, ಜಾತಿ, ಊರು ಯಾವುದನ್ನೂ ಆಕೆ ಆಗ ಕೇಳಲಿಲ್ಲ. ತಂಬಿಗೆ ಖಾಲಿಯಾದ ಮೇಲೆಯೇ, "ಯಾವೂರಾಯಿತು?" ಎಂದದ್ದು. ಕೊಟ್ಟ ನೀರನ್ನು ಬೇಡ ಎನ್ನಬಾರದು, ತಂಬಿಗೆಯಲ್ಲಿ ಉಳಿಸಬಾರದು. ಪ್ರವಾಸ ಹೊರಟ ಮಕ್ಕಳಿಗೆ ಚೀಲ ಕಟ್ಟುವಾಗಲೇ ಇಷ್ಟನ್ನು ಹೇಳಿ ಕಳಿಸಿ.

ಇನ್ನು ಬೇಸಿಗೆಯ ರಜೆ ಬರುತ್ತದೆ, ನಿಮ್ಮ ಮನೆಗೂ ಬೀಗರು, ನೆಂಟರು ಬರುತ್ತಾರೆ. ಅವರನ್ನು ಬಿಸಿಲೇರುವ ಮುಂಚೆ, ಬೆಳಗಿನ ತಂಪಿನಲ್ಲೇ ಕರೆದುಕೊಂಡು ಹೊರಡಿ. ಮನೆಯಿಂದಲೇ ನೀರು ತುಂಬಿಸಿಕೊಳ್ಳಿ. ಗುಮ್ಮಟ ಆಮೇಲೆ ನೋಡಬಹುದು, ಮೊದಲು ತಾಜ್ ಬಾವಡಿಗೆ ಹೋಗಿ. ಹುಡುಗರಿಗೆ ದಾರಿಹೋಕರ ಕೋಣೆಗಳು ಎಲ್ಲಿವೆ ಎಂದು ಬೆರಳು ಮಾಡಿ ತೋರಿಸಿ. ಊಟ ಕಟ್ಟಿಕೊಂಡಿದ್ದರೆ ಅಲ್ಲಿಂದ ತೊರವಿಗೂ ಹೋಗಿಬನ್ನಿ, ದೂರವಿಲ್ಲ.