ಅಗ್ಗದ ಅಂಗಡಿಯ ಲೆಕ್ಕ

ಮಂಗಳೂರು ಬಂದರಿನ ಸಗಟು ಅಂಗಡಿಗಳಲ್ಲಿ ಅಲಂಕಾರವಿಲ್ಲ. ಕುಚ್ಚಲಕ್ಕಿಯ ಗೋಣಿಯ ಬಾಯಿ ಬಿಚ್ಚಿಟ್ಟಿರುತ್ತಾರೆ. ಗಿರಾಕಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹರಡಿ ನೋಡಿ, ಆಮೇಲೆ ದರ ಕೇಳುತ್ತಾರೆ.

ಇಂಥದೇ ಅಲಂಕಾರವಿಲ್ಲದ ವ್ಯಾಪಾರ ಜರ್ಮನಿಯಲ್ಲೂ ಬೆಳೆಯಿತು. ಅಲ್ಲಿನ ಎಸೆನ್ ನಗರದಲ್ಲಿ ಅನ್ನಾ ಆಲ್ಬ್ರೆಕ್ಟ್ ಎಂಬ ತಾಯಿಯ ಪುಟ್ಟ ದಿನಸಿ ಅಂಗಡಿಯಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಕ್ಕಳಾದ ಕಾರ್ಲ್ ಮತ್ತು ಥಿಯೋ ಅದನ್ನು ವಹಿಸಿಕೊಂಡರು. ಕೆಲವೇ ಬಗೆಯ ಸಾಮಾನು, ರಟ್ಟಿನ ಪೆಟ್ಟಿಗೆಯಲ್ಲೇ ಮಾರಾಟ. ಥಳುಕಿಗೆ ಹಾಕದ ದುಡ್ಡು ಗಿರಾಕಿಯ ಜೇಬಿನಲ್ಲೇ ಉಳಿಯಿತು. ನನಗೆ ಹಿಡಿಸುವುದು ಈ ಲೆಕ್ಕವೇ. ಮುಂದೆ ಅಣ್ಣತಮ್ಮಂದಿರು ವ್ಯಾಪಾರವನ್ನು ಪಾಲು ಮಾಡಿಕೊಂಡರು. ಸಿಗರೇಟು ಮಾರಬೇಕೇ ಬೇಡವೇ ಎಂಬುದೇ ಕಾರಣವಂತೆ. 1962ರಲ್ಲಿ ಆಲ್ಡಿ ಎಂಬ ಹೆಸರು ಬಂತು. ಎರಡೂ ಪಾಲು ಹಲವು ದೇಶಗಳಿಗೆ ಹಬ್ಬಿದವು.

ಇಂದು ಸಾಮಾನಿಗೆ ಹೊರಟವರು ನಮ್ಮ ಬಂದರಿನ ಅಂಗಡಿಗಳತ್ತಲೂ ಒಮ್ಮೆ ಹೋಗಿ ಬನ್ನಿ.