ಹಾಲಿನೊಳಗಣ ಸುಣ್ಣ

(ಸಾವರ್ಡೆಯಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಹಸುಳೆಯ ಎಲುಬು ಬೆಳೆಯಲು ಸುಣ್ಣವೂ ರಂಜಕವೂ ಬೇಕು. ಇವೆರಡನ್ನೂ ಹಾಲು ಒದಗಿಸುತ್ತದೆ. ಆದರೆ ನೀರಿನಲ್ಲಿ ಇವೆರಡೂ ಕೂಡಿದರೆ ಕಲ್ಲಾಗಿ ತಳಕ್ಕಿಳಿಯುವುದು ಸಹಜ. ಒಂದು ಲೀಟರು ಆಕಳ ಹಾಲಿನಲ್ಲಿ ಕ್ಯಾಲ್ಸಿಯಂ ಎಂಬ ಸುಣ್ಣದ ಅಂಶವು ಸುಮಾರು 1.2 ಗ್ರಾಂ ಇದೆ. ಹಾಗಿದ್ದೂ ಕೆಚ್ಚಲು ಏಕೆ ಕಲ್ಲುಗಟ್ಟುವುದಿಲ್ಲ?

ಉತ್ತರವು ಕೇಸೀನ್ ಎಂಬ ಸಸಾರಜನಕದಲ್ಲಿದೆ. ಆಕಳ ಹಾಲಿನ ಸಸಾರಜನಕದಲ್ಲಿ ನೂರಕ್ಕೆ ಸುಮಾರು 80 ಪಾಲು ಇದೇ. ಇದರಲ್ಲಿ ರಂಜಕವಿದೆಯೆಂದು ಸ್ವೀಡನ್ನಿನ ಹಾಮರ್‌ಸ್ಟೆನ್ 1883ರಲ್ಲಿ ತೋರಿಸಿದರು. ಕೆಚ್ಚಲಿನ ಜೀವಕಣದಲ್ಲಿ ಗಾಲ್ಜಿ ಎಂಬ ಭಾಗವುಂಟು. ಹೊರಗೆ ಹೋಗತಕ್ಕ ಸರಕನ್ನು ಅಣಿಗೊಳಿಸುವ ಮನೆಯದು. ಕೇಸೀನ್ ಅದನ್ನು ಹಾದುಹೋಗುವಾಗ ಕಿಣ್ವವೊಂದು ಅದರ ಗೊತ್ತಾದ ಎಡೆಗಳಿಗೆ ರಂಜಕದಿಂದಾದ ಫಾಸ್ಫೇಟನ್ನು ಅಂಟಿಸುತ್ತದೆ. ಒಂದು ಬಗೆಯ ಕೇಸೀನಿನಲ್ಲಿ ಇಂಥ ಎಡೆಗಳು 8, ಇನ್ನೊಂದರಲ್ಲಿ 5. ಈ ಫಾಸ್ಫೇಟುಗಳೇ ಸುಣ್ಣದ ಕಣಗಳನ್ನು ಹಿಡಿದುಕೊಂಡು, ಅವು ಬೆಳೆದು ಗಟ್ಟಿಯಾಗದಂತೆ ಕಾಯುತ್ತವೆ. ಗೋವೆಯ ಶ್ವೇತಕಪಿಲೆಯಾಗಲಿ, ಘಟ್ಟದ ಮೇಲಣ ಮಲೆನಾಡ ಗಿಡ್ಡವಾಗಲಿ, ಕೆಚ್ಚಲೊಳಗಿನ ಕೆಲಸ ಒಂದೇ.

ಆ ಕಿಣ್ವ ಯಾವುದು? 1954ರಲ್ಲಿ ಬರ್ನೆಟ್ ಮತ್ತು ಕೆನೆಡಿ ಎಂಬವರು ಇಲಿಯ ಯಕೃತ್ತಿನ ಕಿಣ್ವವೊಂದು ಕೇಸೀನಿಗೆ ಫಾಸ್ಫೇಟನ್ನು ಸೇರಿಸುವುದನ್ನು ಕಂಡರು. ಮುಂದೆ, ಪ್ರಯೋಗಶಾಲೆಯಲ್ಲಿ ಹೀಗೆ ಮಾಡಬಲ್ಲ ಎರಡು ಬಗೆಯ ಕಿಣ್ವಗಳಿಗೆ 'ಕೇಸೀನ್ ಕೈನೇಸ್' ಎಂಬ ಹೆಸರು ನಿಂತಿತು. ಆದರೆ ಕೆಚ್ಚಲಿನಲ್ಲಿ ಹಾಲಿನ ಕೇಸೀನನ್ನು ಸಿದ್ಧಗೊಳಿಸುವವು ಅವಲ್ಲ. ಹೆಸರು ಒಬ್ಬರದು, ದುಡಿಮೆ ಇನ್ನೊಬ್ಬರದು ಎಂಬಂತಾಯಿತು. ನಿಜವಾಗಿ ದುಡಿಯುವುದು ಫ್ಯಾಮ್-20ಸಿ ಎಂಬ ಕಿಣ್ವವೆಂದು ಅಮೆರಿಕದ ಜ್ಯಾಕ್ ಡಿಕ್ಸನ್ ಮತ್ತು ಅವರ ಸಂಗಡಿಗರು 2012ರಲ್ಲಿ ತೋರಿಸಿಕೊಟ್ಟರು.

ಇದೇ ಕಿಣ್ವವು ಮನುಷ್ಯನ ಎಲುಬು, ಹಲ್ಲುಗಳ ರಚನೆಗೂ ಬೇಕು. ಹುಟ್ಟಿನಿಂದಲೇ ಅದು ಕೆಟ್ಟಿದ್ದರೆ ರೇನ್ ಎಂಬ ಅಪರೂಪದ ರೋಗ ಬರುತ್ತದೆ. ಅಂಥ ಶಿಶುಗಳಲ್ಲಿ ಅನೇಕವು ಬಹುಕಾಲ ಬದುಕಲಾರವು. ಆಕಳಿಗೂ ನಮ್ಮ ಮಕ್ಕಳಿಗೂ ಇರುವ ನಂಟು ಇಷ್ಟು ಆಳವಾದುದು.

ತಾಯಂದಿರಿಗೆ ಒಂದು ಮಾತು. ಹುಳಿ ಏರಿದಂತೆ ಕೇಸೀನಿನ ಹಿಡಿತ ಸಡಿಲಿ, ಸುಣ್ಣವು ನೀರಿಗೆ ಇಳಿಯುತ್ತದೆ. ಆದುದರಿಂದ ಮೊಸರಿನ ತಿಳಿಯನ್ನೂ, ಲಿಂಬೆ ಹಿಂಡಿ ಒಡೆಸಿದ ಹಾಲಿನ ನೀರನ್ನೂ ಚೆಲ್ಲಬೇಡಿರಿ. ಸಾರಿಗೋ ಹಿಟ್ಟು ನಾದಲಿಕ್ಕೋ ಬಳಸಿರಿ.

ಇಂಥ ಸಂಗತಿಗಳನ್ನು ಕನ್ನಡದಲ್ಲಿ ಹೇಳಬಹುದು, ಹೇಳಬೇಕು. ಹೊರನಾಡಿನಲ್ಲಿರುವ ನಮ್ಮ ಮಕ್ಕಳಿಗೆ ಹಾಲಿನಂತೆಯೇ ಜ್ಞಾನವೂ ತಾಯ ಕೈಯಿಂದ ದೊರೆಯಲೆಂದು ಹಾರೈಸಿ ವಿರಮಿಸುತ್ತೇವೆ.